ಶನಿವಾರ ರಾತ್ರಿಯ ನಿಶಾಚರರು

ಆವಾಸ

ಬೆಂಗಳೂರಿನ ಪೂರ್ವ ದಿಕ್ಕಿನ ಒಂದು ಬಡಾವಣೆ. ಮುಖ್ಯರಸ್ತೆಗೆ ಮುಖಮಾಡಿದ ಕಟ್ಟಡದ ಕೆಳಗೆ ಮೊಬೈಲ್ ಅಂಗಡಿ, ಅದರ ಮೇಲೆ ಜಿಮ್, ಜಿಮ್ಮಿನ ಮೇಲೆ ಪಬ್. ತಾರಸಿಯೂ ಪಬ್ಬಿನದೇ. ತಾರಸಿಯ ಅಂಚಿಗೆ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಹಳೆಯ ಮಳೆಮರವೊಂದರ ನೆತ್ತಿ. ವಾರವಿಡೀ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂರುವ ನಾನು ಶುಕ್ರವಾರ, ಶನಿವಾರ ರಾತ್ರಿ ಇಲ್ಲಿ ಡಿಜೆ. ಭಾನುವಾರ ಬೆಳಿಗ್ಗೆ ಎಚ್ಚರವಾದರೆ ಕೆರೆ ಏರಿಯ ಮೇಲೆ ಹಕ್ಕಿ ನೋಡಲು ಹೋಗುತ್ತೇನೆ. ಎರಡಕ್ಕೂ ಒಂದೇ ನೋಟ್‌ಬುಕ್. ಮುಂದಿನಿಂದ ಹಕ್ಕಿಗಳನ್ನು, ಹಿಂದಿನಿಂದ ಪಬ್ಬನ್ನು ಬರೆಯುತ್ತಾ ಬಂದೆ. ಈಗ ನಡುವಿನ ಹಾಳೆಗಳಲ್ಲಿ ಎರಡೂ ಒಂದಾಗಿವೆ. ಈ ಬರಹ ಆ ಹಾಳೆಗಳದ್ದು.

ಸಂಜೆ ಆರು ದಾಟಿದ ಮೇಲೆ ಮಳೆಮರ ಎಲೆ ಮಡಚಲು ಶುರುಮಾಡುತ್ತದೆ. ಕಿರುಎಲೆಗಳು ಜೋಡಿಜೋಡಿಯಾಗಿ ಒಂದಕ್ಕೊಂದು ಮುಖ ಮುಚ್ಚಿಕೊಂಡು ಜೋತುಬೀಳುತ್ತವೆ. ಹಗಲು ಬಿಸಿಲನ್ನೇ ಬಿಡದ ಮರದ ಮೂಲಕ ಆಕಾಶ ಕಾಣತೊಡಗುತ್ತದೆ. ಮೋಡ ದಟ್ಟವಾಗಿ ಕವಿದ ಮಧ್ಯಾಹ್ನಗಳಲ್ಲೂ ಅದು ಹೀಗೆ ಮಾಡುವುದುಂಟು. ಅದೇ ಹೊತ್ತಿಗೆ ಕೀಟ ಹಿಡಿಯುವ ಪುಟ್ಟ ಬಾವಲಿಗಳು ಹೊರಬೀಳುತ್ತವೆ. ಹೆಬ್ಬೆರಳಿನಷ್ಟು ಮೈ, ಅಂಗೈ ಅಗಲದ ರೆಕ್ಕೆ. ನೇರ ಹಾರುವುದೆಂಬುದೇ ಇಲ್ಲ. ಪ್ರತಿ ತಿರುವಿನಲ್ಲೂ ಒಂದು ಹುಳು ಹೋಯಿತೆಂದೇ ಲೆಕ್ಕ.

ಒಳಗೆ ಅದು ಸೌಂಡ್ ಚೆಕ್ ಸಮಯ. ಖಾಲಿ ಹಾಲಿನಲ್ಲಿ ಹಾಡು ಹಾಕಿದರೆ ಹೈ-ಹ್ಯಾಟ್, ಚಪ್ಪಾಳೆಯ ಸದ್ದುಗಳು ಗೋಡೆಗೆ ಬಡಿದು, ಗಾಜಿಗೆ ಬಡಿದು, ಚೂಪಾಗಿ ವಾಪಸು ಬರುತ್ತವೆ. ಹತ್ತು ಗಂಟೆಗೆ ಜನ ತುಂಬಿದ ಮೇಲೆ ಅದೇ ಹಾಡು, ಅದೇ ಮಟ್ಟದಲ್ಲಿ, ಮಂಕಾಗಿ ಕೇಳುತ್ತದೆ. ಮನುಷ್ಯರ ಮೈ ಮತ್ತು ಬಟ್ಟೆ ಮೇಲಿನ ಸ್ವರಗಳನ್ನು ಚೆನ್ನಾಗಿ ಹೀರುತ್ತವೆ. ಕೆಳಗಿನ ಸ್ವರಗಳನ್ನು ಅಷ್ಟಾಗಿ ಹೀರುವುದಿಲ್ಲ. ಡಿಸೆಂಬರ್ ಚಳಿಗೆ ಜಾಕೆಟ್ ತೊಟ್ಟು ಬಂದ ಗುಂಪು ಏಪ್ರಿಲ್ಲಿನ ತೆಳು ಅಂಗಿಯ ಗುಂಪಿಗಿಂತ ಹೆಚ್ಚು ಹೀರುತ್ತದೆ. ಹೊಸದಾಗಿ ಬಂದವರು ಇಂಥ ಹೊತ್ತಿನಲ್ಲಿ ಇಡೀ ವಾಲ್ಯೂಮನ್ನೇ ಏರಿಸುತ್ತಾರೆ. ಬೇಕಾಗಿರುವುದು ‘ಹೈ’ ಗುಂಡಿಯ ಕೂದಲೆಳೆಯಷ್ಟು ತಿರುವು ಮಾತ್ರ. ಈ ಕೆಲಸದ ಮೊದಲ ಪಾಠ ಇದೇ, ಕೊನೆಯ ಪಾಠವೂ ಹೆಚ್ಚುಕಡಿಮೆ ಇದೇ: ಸದ್ದು ಸಾಲದು ಅನಿಸಿದಾಗಲೆಲ್ಲ ಸದ್ದು ಕಡಿಮೆಯಿದೆ ಎಂದು ಅರ್ಥವಲ್ಲ.

ಗುಂಪಿನ ನಡೆ

ಮೊದಲು ಬಂದವರು ಗೋಡೆ ಹಿಡಿಯುತ್ತಾರೆ. ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು: ಈ ಎರಡೂ ಸಿಗುವ ಮೇಜುಗಳು ಮೊದಲು ಭರ್ತಿ. ನಂತರ ಬಾರ್ ಕೌಂಟರಿನ ಎರಡೂ ತುದಿ. ಹಾಲಿನ ನಟ್ಟನಡುವಿನ ಜಾಗ ಎಲ್ಲಕ್ಕಿಂತ ಕೊನೆಗೆ. ರಿಸರ್ವೇಷನ್ ಇದ್ದವರನ್ನು ಬಿಟ್ಟರೆ ಈ ಕ್ರಮ ತಪ್ಪಿದ್ದನ್ನು ನಾನು ನೋಡಿಲ್ಲ. ಬಯಲಿಗೆ ಮೇಯಲು ಬರುವ ಚುಕ್ಕೆ ಜಿಂಕೆಗಳೂ ಕಾಡಿನಂಚನ್ನು ಬೇಗ ಬಿಡುವುದಿಲ್ಲ. ಬಂಡೀಪುರದ ರಸ್ತೆಯಲ್ಲಿ ಸಂಜೆ ಹೊತ್ತು ಹೋದವರೆಲ್ಲ ಇದನ್ನು ಕಂಡಿರುತ್ತಾರೆ.

ಕುಣಿತ ಎದ್ದು ನಿಂತಾಗ ಶುರುವಾಗುವುದಿಲ್ಲ, ಕೂತಲ್ಲೇ ಶುರುವಾಗುತ್ತದೆ. ಮೊದಲು ಮೇಜಿನ ಕೆಳಗಿನ ಪಾದ. ಆಮೇಲೆ ಲೋಟದ ಮೇಲಿನ ಬೆರಳು. ಆಮೇಲೆ ಕುತ್ತಿಗೆ. ಭುಜಕ್ಕೆ ಬಂತೆಂದರೆ ಇನ್ನೆರಡು ಹಾಡಿನಲ್ಲಿ ಆ ಮೇಜು ಎದ್ದೇಳುತ್ತದೆ. ಹೀಗಾಗಿ ಡಿಜೆ ನೋಡಬೇಕಾದ್ದು ಮುಖವನ್ನಲ್ಲ, ಕಾಲನ್ನು. ಮುಖ ಸುಳ್ಳು ಹೇಳುತ್ತದೆ. ಆಫೀಸಿನ ಟೀಮ್ ಪಾರ್ಟಿಗಳಲ್ಲಂತೂ ಎಲ್ಲರೂ ಮ್ಯಾನೇಜರರ ಮುಖ ನೋಡಿಕೊಂಡೇ ನಗುತ್ತಿರುತ್ತಾರೆ. ಪಾದ ಮಾತ್ರ ತನಗೆ ತೋಚಿದ್ದನ್ನು ಮಾಡುತ್ತಿರುತ್ತದೆ.

ಮೊದಲು ನಡುವಿಗೆ ಬರುವುದು ಸಾಮಾನ್ಯವಾಗಿ ಹೆಣ್ಣುಮಕ್ಕಳ ಗುಂಪು. ಬಂದವರು ವೃತ್ತ ಕಟ್ಟುತ್ತಾರೆ, ಮುಖ ಒಳಕ್ಕೆ, ಬೆನ್ನು ಹೊರಕ್ಕೆ, ಕೈಚೀಲಗಳು ನಡುವೆ ನೆಲದ ಮೇಲೆ. ಪರಿಚಯವಿಲ್ಲದವರು ಹತ್ತಿರ ಸುಳಿದರೆ ವೃತ್ತ ಚಿಕ್ಕದಾಗುತ್ತದೆ, ಇಲ್ಲವೇ ಇಡಿಯಾಗಿ ಎರಡು ಹೆಜ್ಜೆ ಸರಿಯುತ್ತದೆ. ಬಾಗಿಲ ಬಳಿ ನಿಲ್ಲುವ ಮಂಡ್ಯ ಕಡೆಯ ಬೌನ್ಸರ್ ನನಗಿಂತ ಚೆನ್ನಾಗಿ ಇದನ್ನು ಓದುತ್ತಾನೆ. ‘ಅಲ್ಲಿ ರೌಂಡು ಟೈಟಾಯ್ತು ನೋಡಿ ಸಾ’ ಅಂದವನೇ ಜಗಳಕ್ಕೆ ಮುಂಚೆಯೇ ಅತ್ತ ನಡೆದಿರುತ್ತಾನೆ. ಎಲ್ಲರಿಗೂ ಗೊತ್ತಿರುವ ಹಾಡು ಬಂದ ಗಳಿಗೆ ವೃತ್ತಗಳೆಲ್ಲ ಒಡೆದು ಜನ ಒಂದೇ ದಿಕ್ಕಿಗೆ ತಿರುಗುತ್ತಾರೆ. ಗೊತ್ತಿಲ್ಲದ ಹಾಡು ಬಂದರೆ ಅರ್ಧ ಜನ ಕೌಂಟರಿಗೆ, ಉಳಿದವರು ಶೌಚಾಲಯಕ್ಕೆ. ಪಬ್ ನಡೆಸುವವರಿಗೆ ಇದೂ ಬೇಕು. ಕುಣಿಯುವವರು ಕುಣಿಯುತ್ತಲೇ ಇದ್ದರೆ ಬಾರಿಗೆ ವ್ಯಾಪಾರವಿಲ್ಲ. ಆದ್ದರಿಂದ ಗಂಟೆಗೊಮ್ಮೆ ವೇಗ ಇಳಿಸಿ ಫ್ಲೋರ್ ಖಾಲಿ ಮಾಡಿಸುವುದೂ ನಮ್ಮ ಕೆಲಸವೇ.

ನಲವತ್ತು ದಾಟಿದ ಹಳೇ ಬೆಂಗಳೂರಿನ ಗಿರಾಕಿಗಳು ಕೆಲವರಿದ್ದಾರೆ. ಅವರು ಏಳುವುದೇ ಇಲ್ಲ. ಕುರ್ಚಿಯಲ್ಲೇ ಸೊಂಟದಿಂದ ಮೇಲೆ ಪೂರ್ತಿ ಕುಣಿಯುತ್ತಾರೆ. ಇದು ಕಲಿತ ನಡವಳಿಕೆ. ಸಾರ್ವಜನಿಕ ಮನರಂಜನಾ ಸ್ಥಳಗಳ ಲೈಸೆನ್ಸ್ ಕುರಿತ 2005ರ ಆದೇಶವನ್ನು ಹಿಡಿದು 2008ರ ಸುಮಾರಿಗೆ ನಗರದ ಪೊಲೀಸರು ಮದ್ಯ ಮಾರುವ ಕಡೆ ಕುಣಿತವನ್ನೇ ನಿಲ್ಲಿಸಿದ್ದರು. ಎದ್ದು ನಿಂತು ತಾಳಕ್ಕೆ ಮೈ ಕುಲುಕಿದರೆ ಸಿಬ್ಬಂದಿ ಬಂದು ಕೂರಿಸುತ್ತಿದ್ದ ಕಾಲ ಅದು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಲೈಸೆನ್ಸ್ ಈಗಲೂ ಬೇಕು. ಮೊದಲು ಹನ್ನೊಂದೂವರೆಗೆ ಮುಚ್ಚುತ್ತಿದ್ದ ಬಾಗಿಲು ಈಗ ಒಂದು ಗಂಟೆಯವರೆಗೆ ತೆರೆದಿರುತ್ತದೆ. ಹೊಸಬರಿಗೆ ಇದ್ಯಾವುದೂ ಗೊತ್ತಿಲ್ಲ. ಹಳಬರ ಮೈಗೆ ಮಾತ್ರ ಇನ್ನೂ ನೆನಪಿದೆ.

ತಾಳ ಹಿಡಿಯುವವರು

ನಮ್ಮ ಉಪಕರಣ ಸರಳ. ಎರಡು ಪ್ಲೇಯರ್, ನಡುವೆ ಮಿಕ್ಸರ್, ಜೇಬಿನಲ್ಲಿ ಪೆನ್‌ಡ್ರೈವ್. ಒಂದು ಹಾಡು ಜನರಿಗೆ ಕೇಳುತ್ತಿರುವಾಗ ಇನ್ನೊಂದು ನನ್ನ ಹೆಡ್‌ಫೋನಿನ ಒಂದು ಕಿವಿಯಲ್ಲಿ ಓಡುತ್ತಿರುತ್ತದೆ. ಎರಡರ ವೇಗವನ್ನೂ ಒಂದೇ ಮಾಡಬೇಕು. ಕಿಕ್ ಡ್ರಮ್ಮುಗಳು ಕೂದಲೆಳೆಯಷ್ಟು ಹಿಂದುಮುಂದಾದರೂ ‘ದಢ್’ ಎನ್ನಬೇಕಾದ್ದು ‘ದಡಢ್’ ಎನ್ನುತ್ತದೆ. ಆಗ ಜಾಗ್ ವೀಲಿನ ಅಂಚನ್ನು ಬೆರಳ ತುದಿಯಿಂದ ತುಸು ನೂಕಬೇಕು, ಇಲ್ಲವೇ ತಡೆಯಬೇಕು. ಎರಡು ಪೆಟ್ಟು ಒಂದಾದಾಗ ಕಿವಿಯಲ್ಲಿ ಒಂದು ಬಗೆಯ ನಿರಾಳ. ಈಗ ‘ಸಿಂಕ್’ ಗುಂಡಿ ಒತ್ತಿದರೆ ಯಂತ್ರವೇ ಮಾಡಿಕೊಡುತ್ತದೆ. ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೊ 1960ರ ದಶಕದ ಕೊನೆಯಲ್ಲಿ ಇದನ್ನು ಕೈಯಿಂದ ಮಾಡಿ ತೋರಿಸಿದವರಲ್ಲಿ ಮೊದಲಿಗರು. 1972ರಲ್ಲಿ ಬಂದ ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಟರ್ನ್‌ಟೇಬಲ್ ಮುಂದೆ ಜಗತ್ತಿನ ಡಿಜೆಗಳ ಮೆಚ್ಚಿನ ಸಾಧನವಾಯಿತು. ಬೆಲ್ಟ್ ಇಲ್ಲದೆ ಮೋಟಾರೇ ನೇರ ತಟ್ಟೆ ತಿರುಗಿಸುವುದರಿಂದ ಬೆರಳು ತಾಗಿಸಿ ಬಿಟ್ಟರೂ ಅದು ಬೇಗ ತನ್ನ ವೇಗಕ್ಕೆ ಮರಳುತ್ತಿತ್ತು.

ಕ್ಲಬ್ಬುಗಳ ಹೌಸ್ ಸಂಗೀತ ಹೆಚ್ಚಾಗಿ ನಿಮಿಷಕ್ಕೆ 120ರಿಂದ 130 ಪೆಟ್ಟಿನ ನಡುವೆ ಓಡುತ್ತದೆ. ಆರಾಮವಾಗಿ ನಡೆಯುವ ಮನುಷ್ಯನ ಹೆಜ್ಜೆಯೂ ಸೆಕೆಂಡಿಗೆ ಸುಮಾರು ಎರಡು. ಹಾಗಾಗಿ 120ರ ಹಾಡಿಗೆ ಕುಣಿಯಲು ಯಾರಿಗೂ ಹೇಳಿಕೊಡಬೇಕಿಲ್ಲ, ನಡೆಯಲು ಬಂದರೆ ಸಾಕು.

ತಾಳಕ್ಕೆ ಮೈ ಆಡಿಸುವುದು ಪ್ರಾಣಿಲೋಕದಲ್ಲಿ ಅಪರೂಪ. ನಾಯಿ ನಮ್ಮ ಜೊತೆ ಸಾವಿರಾರು ವರ್ಷ ಬಾಳಿದೆ, ಆದರೆ ಡೋಲಿಗೆ ಹೆಜ್ಜೆ ಹಾಕುವುದಿಲ್ಲ. 2009ರಲ್ಲಿ ಸ್ನೋಬಾಲ್ ಎಂಬ ಕಾಕಟೂ ಗಿಳಿಯನ್ನು ಅನಿರುದ್ಧ ಪಟೇಲ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಹಾಡಿನ ವೇಗ ಬದಲಿಸಿದಾಗ ಅದೂ ತಲೆದೂಗುವ ವೇಗ ಬದಲಿಸಿಕೊಂಡಿತು. ಕೇಳಿದ ಸದ್ದನ್ನು ಅನುಕರಿಸಬಲ್ಲ ಜೀವಿಗಳಿಗಷ್ಟೇ ತಾಳ ಹಿಡಿಯಲು ಬರುತ್ತದೆ ಎಂಬ ವಾದಕ್ಕೆ ಬಲ ಬಂತು. 2013ರಲ್ಲಿ ಕ್ಯಾಲಿಫೋರ್ನಿಯದ ರೋನನ್ ಎಂಬ ಕಡಲಸಿಂಹ, ಅನುಕರಣೆಗೆ ಹೆಸರಾಗದ ಕುಲದ್ದು, ತರಬೇತಿ ಪಡೆದು ತಾಳಕ್ಕೆ ತಪ್ಪದೆ ತಲೆಯಾಡಿಸಿ ಆ ವಾದವನ್ನೇ ಅಲ್ಲಾಡಿಸಿತು.

ನಮ್ಮ ಮಲೆನಾಡಿನ ಭೀಮರಾಜನಿಗೆ ಅನುಕರಣೆ ಚೆನ್ನಾಗಿಯೇ ಬರುತ್ತದೆ. ಉದ್ದ ಬಾಲದ ತುದಿಗೆ ಎರಡು ಗರಿ ತೂಗಿಸಿಕೊಂಡ ಈ ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಎತ್ತಿಕೊಂಡು ತನ್ನ ಹಾಡಿನ ನಡುನಡುವೆ ಸೇರಿಸುತ್ತದೆ. ನಗರದಲ್ಲಿ ಆ ಕೆಲಸ ತುಸು ಮಟ್ಟಿಗೆ ಮಡಿವಾಳ ಹಕ್ಕಿಯದು. ಬೇಸಿಗೆಯಲ್ಲಿ, ಪಬ್ ಮುಚ್ಚಿ ನಾವು ವೈರು ಸುತ್ತುವ ಹೊತ್ತು ಕಳೆದು ಕೆಲವು ಗಂಟೆಗಳಲ್ಲೇ ಅದು ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಹಾಡು ಶುರುಮಾಡುತ್ತದೆ.

ಬಾವಲಿಯ ಏರಿಕೆ

ಪಾರ್ಟಿ ಸಂಗೀತದಲ್ಲಿ ‘ಬಿಲ್ಡ್-ಅಪ್’ ಎಂಬ ಭಾಗವಿದೆ. ಸ್ನೇರ್ ಡ್ರಮ್ ಮೊದಲು ತಾಳಕ್ಕೆ ಒಂದು ಪೆಟ್ಟು, ಆಮೇಲೆ ಎರಡು, ನಾಲ್ಕು, ಎಂಟು. ಕೊನೆಗೆ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳುವುದು ನಿಂತು ಒಂದೇ ಗುಂಯ್‌ಗಾಟವಾಗುತ್ತದೆ. ಒಂದು ಗಳಿಗೆ ಮೌನ. ಆಮೇಲೆ ಬೇಸ್ ಬೀಳುತ್ತದೆ. ಆ ಮೌನದಲ್ಲಿ ಇಡೀ ಫ್ಲೋರ್ ಉಸಿರೆಳೆದುಕೊಳ್ಳುವುದು ಡಿಜೆ ಕಟ್ಟೆಯಿಂದ ಕಾಣುತ್ತದೆ: ಭುಜಗಳೆಲ್ಲ ಒಟ್ಟಿಗೆ ಮೇಲೇರುತ್ತವೆ.

ತಾರಸಿಯ ಬಾವಲಿಗಳದ್ದೂ ಇದೇ ಕ್ರಮ. ಅವುಗಳ ಕೂಗು ನಮ್ಮ ಕಿವಿಯ ಮಿತಿಯಾದ 20,000 ಹರ್ಟ್ಜ್‌ಗಿಂತ ಮೇಲೆ. ಆ ಸ್ವರಗಳನ್ನು ಇಳಿಸಿ ಕೇಳಿಸುವ ಪುಟ್ಟ ಡಿಟೆಕ್ಟರ್ ಸಿಗುತ್ತದೆ. ಅದನ್ನು ಹಿಡಿದು ಮಳೆಮರದ ಕಡೆ ನಿಂತರೆ ಮೊದಲು ಸಾವಧಾನವಾದ ಟಕ್ ಟಕ್. ಬಾವಲಿ ಸುಮ್ಮನೆ ಹುಡುಕುತ್ತಾ ಹಾರುತ್ತಿದೆ. ಹುಳು ಗೋಚರಿಸಿದ್ದೇ ಟಕ್‌ಗಳು ಹತ್ತಿರಾಗುತ್ತವೆ. ಹಿಡಿಯುವ ಕೊನೆಯ ಗಳಿಗೆಯಲ್ಲಿ ಸೆಕೆಂಡಿಗೆ ನೂರಕ್ಕೂ ಮೀರಿ, ಬಟ್ಟೆ ಹರಿದ ಸದ್ದಾಗಿ, ಥಟ್ಟನೆ ನಿಲ್ಲುತ್ತದೆ. ಹುಳು ಹತ್ತಿರವಾದಷ್ಟೂ ಅದರ ಜಾಗ ಬೇಗಬೇಗ ಗೊತ್ತಾಗಬೇಕು, ಅದಕ್ಕೆ ಈ ವೇಗ. ಬಾವಲಿ ಹೊಟ್ಟೆಪಾಡಿಗೆ ಮಾಡುವುದನ್ನು ನಾವು ಖುಷಿಗೆ ಮಾಡುತ್ತೇವೆ. ಹತ್ತಿರವಾಗುತ್ತಿದೆ ಎಂಬ ಸೂಚನೆ ಮಾತ್ರ ಎರಡರಲ್ಲೂ ಒಂದೇ.

ಪಬ್ಬಿನ ಬೆಳಕಿನ ಬೋರ್ಡ್ ಎರಡು ಹಲ್ಲಿಗಳ ವಶದಲ್ಲಿದೆ. ಒಂದು ‘ಬಿ’ ಅಕ್ಷರದ ಹಿಂದೆ, ಇನ್ನೊಂದು ಬೋರ್ಡಿನ ಆ ತುದಿಯಲ್ಲಿ. ನಡುವಿನ ಗಡಿ ದಾಟಿದರೆ ಅಟ್ಟಾಡಿಸಿ ಓಡಿಸುವುದೇ. ಮಳೆಗಾಲದ ಆರಂಭದಲ್ಲಿ ಹಾತೆಗಳು ಏಳುವ ರಾತ್ರಿ ಎದುರಿನ ಕೇಬಲ್ ಮೇಲೆ ಹಾಲಕ್ಕಿ ಬಂದು ಕೂರುತ್ತದೆ. ಮುಷ್ಟಿ ಗಾತ್ರದ, ಬಿಳಿ ಚುಕ್ಕೆಗಳ ಪುಟ್ಟ ಗೂಬೆ. ಬೋರ್ಡಿನತ್ತ ಹಾರಿ, ಒಂದು ಹಾತೆಯನ್ನು ಕಾಲಲ್ಲಿ ಹಿಡಿದು, ಕೇಬಲ್ಲಿಗೆ ಮರಳಿ, ಕಾಲನ್ನು ಬಾಯಿಗೆ ಎತ್ತಿ ತಿನ್ನುತ್ತದೆ. ರೆಕ್ಕೆಗಳು ತೇಲುತ್ತಾ ಕೆಳಗೆ ಪಾರ್ಕ್ ಮಾಡಿದ ಬೈಕುಗಳ ಮೇಲೆ ಬೀಳುತ್ತವೆ. ಸಿಗರೇಟಿಗೆ ಹೊರಬಂದ ಹುಡುಗರು ಅದರ ಕೆಳಗೇ ನಿಂತಿರುತ್ತಾರೆ. ತಲೆ ಎತ್ತಿ ನೋಡಿದವರು ಕಡಿಮೆ.

ಎಲೆಯ ಪೆಟ್ಟಿಗೆ

ಸ್ಪೀಕರಿಗೆ ಪೆಟ್ಟಿಗೆ ಯಾಕೆ ಬೇಕು ಎಂದು ಪಬ್ಬಿನ ಹುಡುಗನೊಬ್ಬ ಕೇಳಿದ್ದ. ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಗಳಿಗೆ ಹಿಂದಿನ ಗಾಳಿ ಸಡಿಲವಾಗುತ್ತದೆ. ಅಂಚಿನ ಸುತ್ತ ಬಳಸಿ ಇವೆರಡೂ ಸೇರಿದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಕೋನ್ ಚಿಕ್ಕದಿದ್ದು ಅಲೆ ಉದ್ದವಿದ್ದರೆ ಈ ನಷ್ಟ ಹೆಚ್ಚು. ಪೆಟ್ಟಿಗೆ ಹಿಂದಿನ ಸದ್ದನ್ನು ತಡೆದು ಮುಂದಿನದನ್ನು ಉಳಿಸುತ್ತದೆ. ಪೆಟ್ಟಿಗೆಯಿಂದ ಬಿಚ್ಚಿದ ವೂಫರನ್ನು ಕೈಯಲ್ಲಿ ಹಿಡಿದು ಹಾಡಿಸಿದರೆ ಬೇಸ್ ಮಾಯ.

ಈ ಭೌತಶಾಸ್ತ್ರ ತಿಳಿದ ಒಂದು ಮರಜೀರುಂಡೆ ನಮ್ಮ ದಕ್ಷಿಣ ಭಾರತದಲ್ಲಿದೆ. ಇಕ್ಯಾಂಥಸ್ ಹೆನ್ರಿಯಿ ಅದರ ವೈಜ್ಞಾನಿಕ ಹೆಸರು. ತಿಳಿಹಸಿರು ಮೈ, ಗಾಜಿನ ಹೊಳಪಿನ ರೆಕ್ಕೆ, ಉದ್ದವೆಂದರೆ ಒಂದು ಸೆಂಟಿಮೀಟರಿನ ಆಸುಪಾಸು. ಹಾಡುವುದು ಗಂಡು ಮಾತ್ರ, ರೆಕ್ಕೆಗೆ ರೆಕ್ಕೆ ಉಜ್ಜಿ. ಸ್ವರ 3,000 ಹರ್ಟ್ಜ್ ಆಚೀಚೆ. ಅಂದರೆ ಅಲೆಯ ಉದ್ದ ಸುಮಾರು 11 ಸೆಂಟಿಮೀಟರ್. ಅಷ್ಟುದ್ದದ ಅಲೆಗೆ ಇಷ್ಟು ಚಿಕ್ಕ ರೆಕ್ಕೆ ಸಾಲದು. ಮುಂದಿನ ಸದ್ದನ್ನು ಹಿಂದಿನದೇ ತಿಂದುಹಾಕುತ್ತದೆ. ಕೆಲವು ಗಂಡುಗಳು ಇದಕ್ಕೊಂದು ಉಪಾಯ ಮಾಡುತ್ತವೆ. ತುಳಸಿಯ ಕುಟುಂಬಕ್ಕೆ ಸೇರಿದ ಕಳೆಗಿಡವೊಂದರ ಅಗಲವಾದ ಎಲೆ ಆರಿಸಿ, ನಡುವೆ ಕಚ್ಚಿಕಚ್ಚಿ ತಮ್ಮ ರೆಕ್ಕೆಗೆ ಸರಿಹೊಂದುವಷ್ಟೇ ದೊಡ್ಡ ತೂತು ಮಾಡುತ್ತವೆ. ಆ ತೂತಿನಲ್ಲಿ ಮೈ ತೂರಿಸಿ, ರೆಕ್ಕೆಗಳನ್ನು ಎಲೆಯ ಮೇಲ್ಮೈಗೆ ಸಮನಾಗಿ ಬಿಡಿಸಿ ಹಾಡುತ್ತವೆ. ಎಲೆಯೇ ಅಡ್ಡಹಲಗೆ. ಸದ್ದು ಎಷ್ಟೋ ಪಟ್ಟು ದೊಡ್ಡದಾಗಿ, ದೂರಕ್ಕೂ ಮುಟ್ಟುತ್ತದೆ.

ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಜೊತೆ ಕೆಲಸ ಮಾಡಿದ ರಿತ್ತಿಕ್ ದೇಬ್, ನತಾಶಾ ಮ್ಹಾತ್ರೆ ಇದನ್ನು ವಿವರವಾಗಿ ನೋಡಿದ್ದಾರೆ. ಈ ಉಪಾಯಕ್ಕೆ ಹೆಚ್ಚಾಗಿ ಕೈಹಾಕುವುದು ಗಾತ್ರದಲ್ಲಿ ಚಿಕ್ಕ, ದನಿಯಲ್ಲಿ ಸಣ್ಣ ಗಂಡುಗಳು. ಎಲೆಯ ನೆರವಿದ್ದರೆ ಅವುಗಳ ಬಳಿಗೂ ಹೆಣ್ಣುಗಳು ಬರುತ್ತವೆ. ನಾನು ಓದಿದ ಸಂಶೋಧನೆಗಳಲ್ಲಿ ನನ್ನ ಕಸುಬಿಗೆ ಇಷ್ಟು ಹತ್ತಿರದ್ದು ಬೇರೊಂದಿಲ್ಲ. ಸಣ್ಣ ಪಬ್ಬಿನ ಸಣ್ಣ ಸಿಸ್ಟಮ್ಮನ್ನು ಸರಿಯಾದ ಜಾಗದಲ್ಲಿ, ಸರಿಯಾದ ಕೋನದಲ್ಲಿ ಇಟ್ಟರೆ ಅದು ಗಟ್ಟಿಯಾಗಿಯೇ ಕೇಳುತ್ತದೆ. ಹಾಡುವವನ ಶಕ್ತಿಗಿಂತ ಅವನು ಕೂತ ಜಾಗ ಹೆಚ್ಚು ಕೆಲಸ ಮಾಡುತ್ತದೆ.

ಇದೇ ತಂಡದ ಇನ್ನೊಂದು ಕೆಲಸ ಕುದುರೆಮುಖದ ಕಾಡಿನದು. ಅಲ್ಲಿ ರಾತ್ರಿ ಒಟ್ಟಿಗೆ ಹಾಡುವ ಹಲವು ಜಾತಿಯ ಜೀರುಂಡೆ, ಮಿಡತೆಗಳಲ್ಲಿ ಕೆಲವು ನೆಲದ ಹತ್ತಿರ, ಕೆಲವು ಪೊದೆಯಲ್ಲಿ, ಕೆಲವು ಮರದ ನೆತ್ತಿಯಲ್ಲಿ. ಸ್ವರದ ಎತ್ತರ ಬೇರೆ, ನಿಲ್ಲಿಸಿ ಹಾಡುವ ಲೆಕ್ಕ ಬೇರೆ. ಮಿಕ್ಸರಿನ ಮುಂದೆ ನಾನು ಮಾಡುವುದೂ ಇದನ್ನೇ. ಎರಡು ಹಾಡಿನ ಬೇಸ್ ಒಟ್ಟಿಗೆ ಬಿಟ್ಟರೆ ಎರಡೂ ಕೇಳುವುದಿಲ್ಲ, ಗೋಡೆ ಮಾತ್ರ ಅದುರುತ್ತದೆ. ಒಂದರ ‘ಲೋ’ ಗುಂಡಿಯನ್ನು ಪೂರ್ತಿ ಇಳಿಸಿದ ಮೇಲೆಯೇ ಇನ್ನೊಂದರದು ಏರಬೇಕು. ಜಾಗ ಬಿಟ್ಟುಕೊಟ್ಟರೆ ಮಾತ್ರ ಇಬ್ಬರಿಗೂ ದನಿ.

ಋತುಮಾನ

ಪಬ್ಬಿಗೂ ಋತುಗಳಿವೆ. ಏಪ್ರಿಲ್, ಮೇ ಐಪಿಎಲ್ ಕಾಲ. ಆರ್‌ಸಿಬಿ ಆಡುವ ದಿನ ಕಾಮೆಂಟರಿಯೇ ಸಂಗೀತ. ಓವರಿನ ನಡುವೆ, ವಿಕೆಟ್ ಬಿದ್ದಾಗ ಇಪ್ಪತ್ತು ಸೆಕೆಂಡ್ ನನ್ನದು. ಕೋಗಿಲೆಯ ಕಾಲವೂ ಅದೇ. ಗಂಡು ಕೋಗಿಲೆ ಒಂದೊಂದು ಕೂಗನ್ನೂ ಹಿಂದಿನದಕ್ಕಿಂತ ಎತ್ತರಿಸುತ್ತಾ ಹೋಗಿ, ಇನ್ನು ಏರಲಾಗದು ಎನ್ನುವಲ್ಲಿ ಥಟ್ಟನೆ ನಿಲ್ಲಿಸಿ, ಮತ್ತೆ ಕೆಳಗಿನಿಂದ ಶುರುಮಾಡುತ್ತದೆ. ಬೀದಿದೀಪದ ಬೆಳಕಿರುವ ಕಡೆ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೇ ಕೂಗು ಕೇಳಿದ್ದಿದೆ.

ಜೂನಿನಲ್ಲಿ ಮಳೆ. ತಾರಸಿ ಬಂದ್, ಎಲ್ಲರೂ ಒಳಗೆ, ಬೆವರು, ಮಂಕು ಟ್ರೆಬಲ್. ಶ್ರಾವಣದಲ್ಲಿ ಸೋಮವಾರ, ಶನಿವಾರ ಹಿಡಿಯುವವರಿಂದಾಗಿ ಗಿರಾಕಿ ತುಸು ಇಳಿಮುಖ. ಅಡುಗೆಮನೆಯ ಕಬಾಬಿನ ಕಡ್ಡಿಗಳಿಗೂ ಬಿಡುವು. ಗಣೇಶನ ಹಬ್ಬ ಬಂತೆಂದರೆ ನನ್ನ ಜೊತೆಯ ಹುಡುಗರು ವಿಸರ್ಜನೆಯ ಮೆರವಣಿಗೆಗಳಿಗೆ ಹೋಗುತ್ತಾರೆ. ಲಾರಿಯ ತುಂಬ ಪೇರಿಸಿದ ಸ್ಪೀಕರುಗಳ ಆ ಕೆಲಸದಲ್ಲಿ ಒಂದು ರಾತ್ರಿಗೆ ಪಬ್ಬಿಗಿಂತ ಹೆಚ್ಚು ದುಡ್ಡು. ಹಲವು ಜಿಲ್ಲೆಗಳಲ್ಲಿ ಆಡಳಿತ ಅದನ್ನು ನಿಷೇಧಿಸುತ್ತದೆ, ಆದರೂ ನಡೆಯುತ್ತಲೇ ಇರುತ್ತದೆ.

ನವೆಂಬರ್ ಕನ್ನಡದ್ದು. ಉಳಿದ ತಿಂಗಳು ಮೊಬೈಲ್ ಪರದೆಯಲ್ಲಿ ದೊಡ್ಡಕ್ಷರದಲ್ಲಿ ಟೈಪ್ ಮಾಡಿ ಎತ್ತಿಹಿಡಿದು ‘ಅಣ್ಣಾ, ಒಂದೇ ಒಂದು ಕನ್ನಡ ಹಾಡು ಹಾಕಣ್ಣಾ’ ಎಂದು ಕೇಳುವವರು ಆ ತಿಂಗಳು ಕೇಳುವ ಗೊಡವೆಗೇ ಹೋಗುವುದಿಲ್ಲ, ಆಜ್ಞೆ ಮಾಡುತ್ತಾರೆ. 2018ರ ‘ಟಗರು’ ಚಿತ್ರದ ಶೀರ್ಷಿಕೆ ಗೀತೆ ಶುರುವಾದರೆ ಅಸ್ಸಾಂ, ಒಡಿಶಾದಿಂದ ಬಂದ ವೇಟರುಗಳೂ ಟ್ರೇ ಹಿಡಿದುಕೊಂಡೇ ಕುಣಿಯುತ್ತಾರೆ. ಅಲ್ಲೊಂದು ಗಮನಿಸಬೇಕಾದ ಸಂಗತಿಯಿದೆ. ಪಲ್ಲವಿ ಬರುವ ಹೊತ್ತಿಗೆ ಫೇಡರನ್ನು ಪೂರ್ತಿ ಕೆಳಗೆಳೆದು ಸುಮ್ಮನಾದರೆ ಇಡೀ ಹಾಲು ಹಾಡುತ್ತದೆ. ರಾತ್ರಿಯ ಅತಿ ದೊಡ್ಡ ಸಂಭ್ರಮ ಬರುವುದು ಸ್ಪೀಕರ್ ಸದ್ದು ನಿಲ್ಲಿಸಿದಾಗ.

ಗೋಡೆಯಾಚೆ

ಸದ್ದು ಪಬ್ಬಿನೊಳಗೆ ಮುಗಿಯುವುದಿಲ್ಲ. 50 ಹರ್ಟ್ಜ್‌ನ ಬೇಸ್ ಸ್ವರದ ಅಲೆ ಸುಮಾರು ಏಳು ಮೀಟರ್ ಉದ್ದ. ಹಾಡಿನ ಪದಗಳನ್ನು ಬಾಗಿಲು, ಪರದೆ, ಗಾಜು ತಡೆಯುತ್ತವೆ, ಇದನ್ನು ತಡೆಯುವುದಿಲ್ಲ. ಹೀಗಾಗಿ ಪಕ್ಕದ ಬೀದಿಯ ಮನೆಗೆ ಹಾಡು ಮುಟ್ಟುವುದಿಲ್ಲ, ‘ಧಿಂ ಧಿಂ’ ಮಾತ್ರ ಮುಟ್ಟುತ್ತದೆ. ಹಾಡೇ ಕೇಳಿದ್ದರೆ ಎಷ್ಟೋ ವಾಸಿಯಿತ್ತು ಎನ್ನುತ್ತಾರೆ ಹಿಂದಿನ ಮನೆಯ ನಿವೃತ್ತ ಮೇಷ್ಟ್ರು. ಇಂದಿರಾನಗರದ ನಿವಾಸಿಗಳು ಪಬ್‌ಗಳ ಸದ್ದಿನ ವಿರುದ್ಧ ವರ್ಷಗಳಿಂದ ಹೋರಾಡುತ್ತಾ, ಹೈಕೋರ್ಟ್ ಮೆಟ್ಟಿಲನ್ನೂ ಏರಿದ್ದಾರೆ. ದೇಶದ ಶಬ್ದಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 55 ಎನ್ನುತ್ತವೆ ಅವು.

ಬೇಸ್ ಬೇಡವೆಂದರೆ ಕುಣಿತವೂ ಕುಗ್ಗುತ್ತದೆ ಎಂಬುದೂ ನಿಜ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಸಂಗೀತ ಕಾರ್ಯಕ್ರಮದಲ್ಲಿ 8ರಿಂದ 37 ಹರ್ಟ್ಜ್‌ನ ವಿಶೇಷ ಸ್ಪೀಕರುಗಳನ್ನು ಎರಡೂವರೆ ನಿಮಿಷಕ್ಕೊಮ್ಮೆ ಹಾಕಿ ಆರಿಸಿ ನೋಡಿದರು. ಆ ಸದ್ದು ಇದೆಯೋ ಇಲ್ಲವೋ ಎಂದು ಗುರುತಿಸಲು ಜನರಿಗೆ ಆಗುತ್ತಿರಲಿಲ್ಲ. ಆದರೂ ಹಾಕಿದ್ದಾಗ ಅವರ ಚಲನೆ ಶೇ 12ರಷ್ಟು ಹೆಚ್ಚಿತ್ತು. 2022ರಲ್ಲಿ ಇದು ಪ್ರಕಟವಾಯಿತು. ಕುಣಿಯುವವನ ಕಾಲಿಗೂ ನಿದ್ದೆ ಬಾರದ ಮೇಷ್ಟ್ರ ಕಿವಿಗೂ ಮುಟ್ಟುವುದು ಒಂದೇ ಸ್ವರ. ಅದರ ಪ್ರಮಾಣ ನಿರ್ಧರಿಸುವ ಗುಂಡಿ ನನ್ನ ಎಡಗೈ ಕೆಳಗಿದೆ.

ಹಕ್ಕಿಗಳು ಈ ಸದ್ದಿನ ಜೊತೆ ಹೇಗೋ ಏಗುತ್ತಿವೆ. ನೆದರ್ಲೆಂಡ್ಸಿನ ಲೈಡನ್ ನಗರದಲ್ಲಿ ಗದ್ದಲದ ಬೀದಿಗಳ ಚೇಕಡಿ ಹಕ್ಕಿಗಳು ತಮ್ಮ ಹಾಡಿನ ಕೆಳಸ್ವರಗಳನ್ನು ಮೇಲಕ್ಕೇರಿಸಿಕೊಂಡಿವೆ ಎಂದು 2003ರಲ್ಲಿ ಹಾನ್ಸ್ ಸ್ಲಾಬೆಕೋರ್ನ್ ಮತ್ತು ಮಾರ್ಗ್ರಿಯೆಟ್ ಪೀಟ್ ತೋರಿಸಿದರು. ವಾಹನಗಳ ಗುಡುಗು ಕೆಳಗಿನ ಜಾಗ ಹಿಡಿದುಕೊಂಡಿದ್ದರಿಂದ ಅವು ಮೇಲಿನ ಜಾಗಕ್ಕೆ ಸರಿದವು. ಸರಿಯಲು ಜಾಗವಿಲ್ಲದವು ಏನು ಮಾಡಬೇಕು ಎಂಬುದು ಬೇರೆ ಪ್ರಶ್ನೆ.

ಕಿವಿ

‘ಏನ್ರೀ, ಇವತ್ತು ಸೌಂಡೇ ಇಲ್ವಲ್ಲ?’ ಎಂದು ಮ್ಯಾನೇಜರ್ ಕೇಳುವುದು ಸಾಮಾನ್ಯ. ‘ಇದೆ ಸಾರ್, ನೀವ್ ಮಾತಾಡಿದ್ದೂ ಕೇಳಿಸ್ತಿದೆ, ಅಷ್ಟೇ’ ಎಂದು ನಾನು ಹೇಳುವುದೂ ಸಾಮಾನ್ಯ. ರಾತ್ರಿ ಕಳೆದಂತೆ ಎಲ್ಲರ ಕಿವಿಯೂ ದಣಿದು, ಅದೇ ಸದ್ದು ಕಡಿಮೆ ಅನ್ನಿಸತೊಡಗುತ್ತದೆ. ಆಗ ಏರಿಸುತ್ತಾ ಹೋದರೆ ಕೊನೆಯಿಲ್ಲ.

ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ಕೇಳಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಮುಟ್ಟಿದರೆ ಉಳಿಯುವುದು ಹದಿನೈದೇ ನಿಮಿಷ. ಸಂಗೀತದ ಜಾಗಗಳಲ್ಲಿ ಹದಿನೈದು ನಿಮಿಷದ ಸರಾಸರಿ 100 ಡೆಸಿಬೆಲ್ ಮೀರಬಾರದು, ಕಿವಿಗೆ ಪ್ಲಗ್ ಸಿಗಬೇಕು, ಸದ್ದಿಲ್ಲದೆ ಕೂರಲು ಒಂದು ಮೂಲೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ಕಸುಬಿನವರಲ್ಲಿ ಕಿವಿಯೊಳಗೆ ಸದಾ ‘ಕುಂಯ್’ ಎನ್ನುವವರನ್ನು ಹುಡುಕಿಕೊಂಡು ಹೋಗಬೇಕಿಲ್ಲ.

ಒಳಕಿವಿಯ ಶಂಖದಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಹದಿನೈದು ಸಾವಿರದ ಆಸುಪಾಸು. ಹುಟ್ಟುವಾಗ ತಂದದ್ದೆಷ್ಟೋ ಅಷ್ಟೇ. ಸತ್ತವು ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ. 1980ರ ದಶಕದ ಕೊನೆಯಲ್ಲಿ ಕೋಳಿಮರಿ ಮತ್ತು ಲಾವಕ್ಕಿಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿಗಳು ಇದನ್ನು ಕಂಡುಕೊಂಡರು: ಭಾರೀ ಸದ್ದಿಗೆ ನಾಶವಾದ ಕೋಶಗಳ ಜಾಗದಲ್ಲಿ ಕೆಲವು ವಾರಗಳಲ್ಲೇ ಹೊಸವು ಬೆಳೆದಿದ್ದವು. ಟ್ಯಾಂಕಿನ ಮೇಲಿನ ಮಡಿವಾಳ ಹಕ್ಕಿಗೆ ಇರುವ ಸೌಲಭ್ಯ ಅದರ ಕೆಳಗೆ ವೈರು ಸುತ್ತುವ ನನಗಿಲ್ಲ.

ಆದ್ದರಿಂದ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು. ಕಂಟ್ರೋಲರ್ ಕೊಳ್ಳುವ ಮೊದಲು ಒಂದು ಜೊತೆ ಒಳ್ಳೆಯ ಇಯರ್‌ಪ್ಲಗ್ ಕೊಳ್ಳಿ. ಮಳೆ ಬಿದ್ದ ಮರುದಿನ ಯಾವುದಾದರೂ ಕೆರೆಯ ಬಳಿ ಕೂತು ಕಪ್ಪೆ, ಜೀರುಂಡೆಗಳು ಹೇಗೆ ಒಂದಕ್ಕೊಂದು ಜಾಗ ಬಿಟ್ಟು ಹಾಡುತ್ತವೆ ಕೇಳಿಸಿಕೊಳ್ಳಿ. ಮಿಕ್ಸಿಂಗ್ ಕ್ಲಾಸಿನಲ್ಲಿ ಅದನ್ನು ಹೇಳಿಕೊಡುವುದಿಲ್ಲ. ಪಬ್ ನಡೆಸುವವರಿಗೂ ಒಂದು ವಿನಂತಿ: ಸಬ್‌ವೂಫರನ್ನು ಹಿಂದಿನ ಮನೆಗಳ ಗೋಡೆಯಿಂದ ತೆಗೆದು ರಸ್ತೆ ಬದಿಗೆ ಸರಿಸಿ, ಹತ್ತರ ಮೇಲೆ ತಾರಸಿಯ ಸ್ಪೀಕರ್ ಆರಿಸಿ. ಇದರಿಂದ ಬಿಲ್ ಕಡಿಮೆಯಾಗುವುದಿಲ್ಲ, ನೋಡಿಯೇ ಹೇಳುತ್ತಿದ್ದೇನೆ.